ಅಕ್ಕೋರ ಗಾಡಿಯ ಹಿಂದಿನ ತಗಡು

ಕಾರುಗಳ ತಗಡಿನ ಕೆಲಸ ಮಾಡುವ ನನಗೆ ಎರಡು ಸಂಗತಿ ಕಂಡರೆ ಆಗುವುದಿಲ್ಲ. ಒಂದು, ತಗ್ಗಿನೊಳಗೆ ಬೊಗಸೆಗಟ್ಟಲೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದು ಕಳಿಸುವುದು. ಇನ್ನೊಂದು, ಪಕ್ಕದಲ್ಲೇ ಕೂತು ನನ್ನ ಕೈಯನ್ನೇ ನೋಡುವ ಗಿರಾಕಿ. ಮೊದಲನೆಯದನ್ನು ಈ ಇಪ್ಪತ್ತು ವರ್ಷದಲ್ಲಿ ನಾನು ಮಾಡಿಲ್ಲ. ಎರಡನೆಯದರಿಂದ ಮಾತ್ರ ಹೋದ ಡಿಸೆಂಬರಿನಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಯಾಕೆಂದರೆ ಗಿರಾಕಿ ಗುರುದೇವಿ ಅಕ್ಕೋರು. ವಾಡಿಯ ಶಾಲೆಯಲ್ಲಿ ಮೂವತ್ತು ವರ್ಷ ಹುಡುಗಿಯರಿಗೆ ಹೊಲಿಗೆ ಕಲಿಸಿ ನಿವೃತ್ತರಾದವರು. ನನ್ನ ಹೆಂಡತಿ ಸುನಿತಾ ಕತ್ತರಿ ಹಿಡಿಯಲು ಕಲಿತದ್ದು ಅವರ ಹತ್ತಿರವೇ. ಹೆಂಡತಿಗೆ ಪಾಠ ಹೇಳಿದವರನ್ನು ಎದ್ದು ಹೋಗಿ ಅನ್ನಲಾಗುತ್ತದೆಯೇ?

ಶಹಾಬಾದದಿಂದ ವಾಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ಶೆಡ್ಡು. ಅವತ್ತು ಗಾಡಿ ನಡೆಸಿಕೊಂಡು ಬಂದವರು ಅಕ್ಕೋರಲ್ಲ, ಅವರ ತಮ್ಮ ಕಾಶೀನಾಥ ಸಾವ್ಕಾರರು. ಚಿತ್ತಾಪುರದಲ್ಲಿ ಅವರದು ಬಟ್ಟೆ ಅಂಗಡಿ. ಅಕ್ಕೋರು ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಬಿಳಿಯ ಸಣ್ಣ ಕಾರು. ಎಡಗಡೆ, ಹಿಂದಿನ ಬಾಗಿಲು ದಾಟಿದ ಮೇಲೆ ಗಾಲಿಯ ಮೇಲಿಂದ ಕಮಾನಿನಂತೆ ಹಾದು ಡಿಕ್ಕಿಯವರೆಗೆ ಹೋಗುವ ದೊಡ್ಡ ತಗಡು ಇರುತ್ತದಲ್ಲ, ಅದು ಒಳಕ್ಕೆ ಕುಸಿದಿತ್ತು. ಡಿಕ್ಕಿಯ ಮುಚ್ಚಳ ಕೂಡುತ್ತಿರಲಿಲ್ಲ, ಹಗ್ಗ ಕಟ್ಟಿದ್ದರು.

“ಭಂಕೂರ ಹತ್ರ ಕಲ್ಲಿನ ಟ್ರ್ಯಾಕ್ಟರಿಗಿ ಹಿಂದ ಬಂದು ಗುದ್ಯಾಳ ನಮ್ಮ ಅಕ್ಕ,” ಅಂದರು ಸಾವ್ಕಾರರು ಇಳಿಯುತ್ತಲೇ. “ಅರವತ್ತರ ಮ್ಯಾಲ ಡ್ರೈವಿಂಗ್ ಕಲೀಬ್ಯಾಡ ಅಂದೆ, ಕೇಳಲಿಲ್ಲ. ಮುಂದ ಹೋಗೋ ಗೇರ್ ಬಿಟ್ಟು ರಿವರ್ಸ್ ಹಾಕ್ಯಾಳ. ಟ್ರ್ಯಾಲಿಗಿ ಒರಸಗೋತ ಹಿಂದ ಹೋಗ್ಯಾಳ. ನಾನೇ ಆ ಟ್ರ್ಯಾಕ್ಟರ್‌ದವಗ ಕೈಮುಗದು, ತಪ್ಪಾತಪಾ ಅಂದು ಕಳಿಸೀನಿ.”

ಅಕ್ಕೋರು ಕೈಚೀಲ ಹಿಡಿದು ಇಳಿದರು. ನಾನೂ ಮನಸ್ಸಿನಲ್ಲೇ ನಕ್ಕೆ, ಸುಳ್ಳು ಯಾಕೆ ಹೇಳಲಿ. ಈ ವಯಸ್ಸಿನಲ್ಲಿ ಇವರಿಗೆ ಸ್ಟೇರಿಂಗ್ ಯಾಕೆ ಬೇಕಿತ್ತು ಅಂತ.

“ಬಡದು ಎಬ್ಬಸಾಕ ಬರಂಗಿಲ್ರಿ ಸಾವ್ಕಾರ್ರೆ,” ಅಂದೆ. “ಹರಕೊಂಡದ. ಬಾಗಿಲಾದ್ರ ಬೋಲ್ಟ್ ಬಿಚ್ಚಿ ಹೊಸಾದು ಹಾಕತಿದ್ದೆ. ಇದು ಬಾಡಿಗಿ ಬೆಸುಗಿ ಹಾಕಿದ್ದು. ಕೊಯ್ದು ತಗದು, ಹೊಸ ತಗಡು ಬೆಸೀಬೇಕು.”

“ಏನರೆ ಮಾಡು. ಎಳ್ಳಮಾಸಿ ಹಬ್ಬದ ಒಳಗ ಆಗ್ಬೇಕು, ಇನ್ನ ಎಂಟು ದಿನ ಅದ. ರೆಡಿ ಆದ ಕೂಡ್ಲೆ ಮಾರಿ ಬಿಡತೀವಿ.” ಕೀಲಿಯನ್ನು ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿ ಅಂದರು, “ಅಕ್ಕನ ಕೈಗಿ ಕೊಡಬ್ಯಾಡ. ನನಗ ಅಕಿ ಒಬ್ಬಾಕೇ ತಾಯಿ ಇದ್ದಂಗ. ಏನರೆ ಆಗಿದ್ರ ಏನ್ ಮಾಡತಿದ್ದೆ?”

ಕೀಲಿಯನ್ನು ಗೋಡೆಯ ಮೊಳೆಗೆ ಹಾಕಿದೆ. ಅಕ್ಕೋರು ಅದನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು.

ಮರುದಿನ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ವಾಡಿಯ ಬಸ್ಸಿಳಿದು ಬಂದು ನಿಂತಿದ್ದರು. ಸ್ಟೂಲು ತಾವೇ ಎಳೆದುಕೊಂಡರು. ಕೈಚೀಲದಿಂದ ಚಹಾದ ಫ್ಲಾಸ್ಕು ಬಂತು, ಕನ್ನಡಕ ಬಂತು, ಅರ್ಧ ಹೊಲಿದ ಕೌದಿಯ ತುಂಡೂ ಬಂತು. ಪಕ್ಕದ ಶೆಡ್ಡಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಹುಸ್ನಾ ಬಗ್ಗಿ ನೋಡಿ ಕಣ್ಣು ಹೊಡೆದಳು. ತಂದೆ ಹೋದ ಮೇಲೆ ಸ್ಪ್ರೇ ಗನ್ನು ಹಿಡಿದು ಅಂಗಡಿ ನಡೆಸುವ ಹೆಣ್ಣುಮಗಳು ಅವಳು. ಇಂಥವನ್ನೆಲ್ಲ ನೋಡಿ ಆನಂದಪಡುವುದರಲ್ಲಿ ಅವಳಷ್ಟು ಹುಷಾರು ಯಾರೂ ಇಲ್ಲ.

ಕಂಪನಿಯವರು ಈ ತಗಡನ್ನು ಅಂಚಿನುದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ಬೆಸೆದಿರುತ್ತಾರೆ. ಒಂದೊಂದು ಚುಕ್ಕೆಯನ್ನೂ ಹುಡುಕಿ ಡ್ರಿಲ್ಲಿನಿಂದ ಕೊರೆದು ಬಿಡಿಸಬೇಕು. ಒಳಗಿನ ತಗಡಿಗೆ ತೂತು ಬೀಳಬಾರದು. ನಾನು ಉಸಿರು ಬಿಗಿಹಿಡಿದು ಕೊರೆಯುತ್ತಿದ್ದರೆ ಹಿಂದಿನಿಂದ ಅಕ್ಕೋರ ದನಿ.

“ಹೊಲಗಿ ಬಿಚ್ಚಿದಂಗೇ ಅದ ನೋಡು. ಬಟ್ಟಿ ಹರೀಬಾರದು, ದಾರ ಅಷ್ಟೇ ಬರಬೇಕು. ಅಲ್ಲೊಂದು ಬಿಟ್ಟಿ, ಹಣಮಂತರಾಯ. ಲೈಟಿನ ಕೆಳಗ.”

ಬಿಟ್ಟಿದ್ದು ಖರೆ. ಬಗ್ಗಿ ಅದನ್ನೂ ಕೊರೆದೆ. ಹೀಗೆ ಎರಡು ದಿನ. ಅವರು ಬೈಯುತ್ತಿರಲಿಲ್ಲ, ಆಡಿಕೊಳ್ಳುತ್ತಲೂ ಇರಲಿಲ್ಲ. ಕೌದಿಗೆ ಸೂಜಿ ಚುಚ್ಚುತ್ತ, ತಮಗೆ ಕಂಡದ್ದನ್ನು ಹೇಳುತ್ತಿದ್ದರು. ಪ್ರತಿ ಸಲವೂ ಅದು ನಿಜವೇ ಆಗಿರುತ್ತಿತ್ತು. ಅದೇ ನನ್ನ ಸಿಟ್ಟಿಗೆ ಕಾರಣ. ತಪ್ಪು ಹೇಳುವವರ ಬಾಯಿ ಮುಚ್ಚಿಸಬಹುದು, ಸರಿ ಹೇಳುವವರನ್ನು ಏನು ಮಾಡುವುದು?

ಮೂರನೆಯ ದಿನ ಹೊಸ ತಗಡು ಬಂತು. ಅದು ಇಡಿಯಾಗಿ ಬರುತ್ತದೆ, ಮೇಲೆ ಹಿಂದಿನ ಗಾಜಿನ ಪಕ್ಕದ ಕಂಬದ ತುದಿಯವರೆಗೆ. ಅಷ್ಟು ಉದ್ದ ನಮಗೆ ಬೇಕಿರಲಿಲ್ಲ. ಹಳೆಯದನ್ನು ಕಂಬದ ನಡುವೆ ಕೊಯ್ದು ತೆಗೆದಿದ್ದೆ. ಹೊಸದನ್ನೂ ಅಲ್ಲಿಗೇ, ಆದರೆ ಹಳೆಯದರ ಮೇಲೆ ಒಂದು ಬೆರಳು ಕೂಡುವ ಹಾಗೆ ಉದ್ದ ಇಟ್ಟು ಕೊಯ್ಯಬೇಕು. ಸೀಮೆಸುಣ್ಣದಿಂದ ಗೆರೆ ಎಳೆದೆ.

“ಹಣಮಂತರಾಯ, ಮಾರ್ಜಿನ್ ಬಿಟ್ಟಿದ್ದೇನು?” ಅಂದರು ಅಕ್ಕೋರು. “ನನಗ್ಯಾಕೋ ಗೆರಿ ಗಿಡ್ಡ ಬಿದ್ದಂಗ ಕಾಣಾಕತ್ತದ.”

ಅಲ್ಲಿಗೆ ನನ್ನ ತಲೆ ಕಾದ ಹಂಚಾಯಿತು. “ಅಕ್ಕೋರೆ, ನೀವು ಜಂಪರ್ ಹೊಲಿಯೋರು. ನಾ ತಗಡಿನಾಂವ. ನಿಮ್ಮ ಕೌದಿ ನೀವು ನೋಡ್ರಿ,” ಅಂದವನೇ ಗ್ರೈಂಡರ್ ಹಚ್ಚಿದೆ. ಕಿಡಿ ಹಾರಿ, ಒಂದೇ ನಿಮಿಷದಲ್ಲಿ ತುಂಡು ಟಣ್ ಎಂದು ಕೆಳಗೆ ಬಿತ್ತು.

ತಗಡನ್ನು ಎತ್ತಿ ಗಾಡಿಗೆ ಹೊಂದಿಸಿದೆ. ಬಾಗಿಲಿನ ಅಂಚು ಕೂಡಿತು. ಗಾಲಿಯ ಕಮಾನು ಕೂಡಿತು. ಡಿಕ್ಕಿಯ ಮುಚ್ಚಳ ಕೈ ಮುಟ್ಟಿಸಿದರೆ ಸಾಕು, ಕುಳಿತುಕೊಂಡಿತು. ಮೇಲೆ ಕಂಬದಲ್ಲಿ ನೋಡಿದರೆ, ಹಳೆಯದಕ್ಕೂ ಹೊಸದಕ್ಕೂ ನಡುವೆ ಜೋಳದ ಕಾಳು ಹಿಡಿಯುವಷ್ಟು ಸಂದು.

ಹೇಗಾಯಿತು ಅಂತ ನನಗೆ ಕೂಡಲೇ ಗೊತ್ತಾಯಿತು, ಅದಕ್ಕೇ ಹೆಚ್ಚು ನಾಚಿಕೆ. ನಮ್ಮೂರು ಸನ್ನತಿಯಿಂದ ಈ ಕಡೆ ಬಂದ ಹೊಸದರಲ್ಲಿ ನಾನು ಭಂಕೂರದಲ್ಲಿ ಫರಸಿ ಕಲ್ಲು ಕೊಯ್ದು ಮನೆಗಳಿಗೆ ನೆಲ ಹಾಸುತ್ತಿದ್ದವನು. ಕಲ್ಲಿನ ಕೆಲಸದಲ್ಲಿ ಎರಡು ಫರಸಿಯ ನಡುವೆ ಸಿಮೆಂಟಿಗೆ ಸಂದು ಬಿಡಬೇಕು, ಅದಕ್ಕೆ ಗೆರೆಯ ಒಳಗೇ ಕೊಯ್ಯುತ್ತೇವೆ. ಇಪ್ಪತ್ತು ವರ್ಷವಾದರೂ ಆ ಅಭ್ಯಾಸ ಕೈಯಲ್ಲೇ ಅಡಗಿತ್ತು. ಗೆರೆ ಎಳೆಯುವಾಗಲೇ ಮಾರ್ಜಿನ್ ಮರೆತಿದ್ದೆ, ಸಿಟ್ಟು ಬಂದಾಗ ಉಳಿದ ಬುದ್ಧಿಯೂ ಹೊರಗೆ ಹೋಗಿ ಕೈ ಹಳೆಯ ಕಸುಬಿಗೆ ಓಡಿತು. ಗಾಡಿಯನ್ನು ನೆಲ ಮಾಡಿಬಿಟ್ಟಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಇನ್ನೊಂದು ತಗಡು ತರಿಸಿದರೆ ಅಮಾವಾಸ್ಯೆ ಕಳೆದೇ ಹೋಗುತ್ತದೆ.

“ಕಂಪನಿಯವರೇ ಗಿಡ್ಡ ಕಳಿಸ್ಯಾರ ಅನಸ್ತದ,” ಅಂದೆ, ಯಾರ ಕಡೆಗೂ ನೋಡದೆ.

“ಕುಣೀಲಾರದಾಕಿ ನೆಲ ಡೊಂಕು ಅಂದಳಂತ,” ಅಂದಳು ಹುಸ್ನಾ ಗೋಡೆಯ ಆಚೆಯಿಂದ.

ಅಕ್ಕೋರು ನಗಲಿಲ್ಲ. ಎದ್ದು ಬಂದು, ಕನ್ನಡಕ ಏರಿಸಿ ಆ ಸಂದನ್ನು ನೋಡಿದರು, ಕಿರುಬೆರಳಿನ ಉಗುರು ಆಡಿಸಿದರು. ಮೂವತ್ತು ವರ್ಷ ಹುಡುಗಿಯರು ಬಟ್ಟೆ ಕೆಡಿಸಿಕೊಂಡು ಅಳುತ್ತ ತಂದಾಗ ಹೇಗೆ ನೋಡುತ್ತಿದ್ದರೋ ಹಾಗೆಯೇ ಇರಬೇಕು.

“ಇದಕ್ಯಾಕ ಮಾರಿ ಸಣ್ಣ ಮಾಡ್ಕೊಂಡಿ? ಬಟ್ಟಿ ಗಿಡ್ಡ ಆದ್ರ ಏನ್ ಮಾಡತೀವಿ? ಒಳಗ ಪಟ್ಟಿ ಕೊಡತೀವಿ. ಎರಡೂ ಕಡಿ ಅಂಚು ಆ ಪಟ್ಟಿ ಮ್ಯಾಲ ಕೂಡಸ್ತೀವಿ. ಹೊರಗಿನಿಂದ ಗೊತ್ತೂ ಆಗಂಗಿಲ್ಲ, ಗಟ್ಟೀನೂ ಆಗ್ತದ. ತಗಡಿಗಿ ಆಗಂಗಿಲ್ಲೇನು?”

ಆಗುತ್ತದೆ! ಒಳಗಿನಿಂದ ಎರಡು ಬೆರಳು ಅಗಲದ ಪಟ್ಟಿ ಕೊಟ್ಟು, ಸಂದನ್ನು ಅದರ ಮೇಲೆ ಬೆಸುಗೆಯಿಂದ ತುಂಬಿದರೆ ಮೊದಲಿಗಿಂತ ಗಟ್ಟಿಯೇ. ನನಗೆ ಹೊಳೆಯಬೇಕಾದದ್ದು ಅವರಿಗೆ ಹೊಳೆಯಿತು. ಕಾಲು ಮುಟ್ಟಬೇಕು ಅನ್ನಿಸಿತು, ಮುಟ್ಟಲಿಲ್ಲ. ಬದಲಿಗೆ, “ಚಹಾ ಇನ್ನ ಅದೇನ್ರಿ?” ಅಂದೆ. ಫ್ಲಾಸ್ಕಿನ ಮುಚ್ಚಳದಲ್ಲಿ ಹಾಕಿ ಕೊಟ್ಟರು.

ಪಟ್ಟಿಗೆ ಅದೇ ದಪ್ಪದ, ಅದೇ ಬಾಗಿನ ತಗಡು ಬೇಕು. ಅಂಥದ್ದು ಇದ್ದದ್ದು ಒಂದೇ ಕಡೆ, ಕಿತ್ತು ಹೊರಗೆ ಎಸೆದಿದ್ದ ಹಳೆಯ ತಗಡಿನಲ್ಲಿ. ಅದರ ಮೇಲಿನ ಭಾಗ ಚೆನ್ನಾಗಿಯೇ ಇತ್ತು. ಬಿಸಿಲಿಗೆ ಎಳೆದು ಥಿನ್ನರ್ ಬಟ್ಟೆಯಿಂದ ಉಜ್ಜಿದೆ. ಧೂಳು ಹೋಯಿತು. ಪಟ್ಟಿಗೆ ಗೆರೆ ಎಳೆಯಲು ಬಗ್ಗಿದವನು ಹಾಗೆಯೇ ನಿಂತೆ.

ತಗಡಿನ ನಡುವೆ ಒಂದೇ ಒಂದು ನೆಟ್ಟಗಿನ ಸೀಳು, ಫರಸಿಯ ಅಂಚಿನಷ್ಟೇ ದಪ್ಪ. ಅದರ ಸುತ್ತ ಬಣ್ಣ ಒಡೆದಿತ್ತು. ಅಷ್ಟೇ. ಹಿಂದಕ್ಕೂ ಮುಂದಕ್ಕೂ ಒಂದೇ ಒಂದು ಗೀರು ಇರಲಿಲ್ಲ. ಸಾವ್ಕಾರರು ಹೇಳಿದಂತೆ ಟ್ರ್ಯಾಲಿಗೆ ಒರಸಿಕೊಳ್ಳುತ್ತ ಹಿಂದೆ ಹೋಗಿದ್ದರೆ ಉದ್ದಕ್ಕೂ ಬಣ್ಣ ಎದ್ದು ಹೋಗಬೇಕಿತ್ತು. ಗಾಡಿ ಒಂದು ಗೇಣು ಸರಿದಿದ್ದರೂ ಗೀರು ಬೀಳುತ್ತದೆ. ಹೋಗಿ ಹಿಂದಿನ ಬಂಪರ್ ನೋಡಿದೆ. ಅದಕ್ಕೂ ಏನೂ ಆಗಿರಲಿಲ್ಲ.

ಮೂರು ದಿನದಿಂದ ಇದು ನನ್ನ ಕಣ್ಣೆದುರೇ ಇತ್ತು. ಸಾವ್ಕಾರರ ಮಾತು ಮೊದಲು ಕೇಳಿದ್ದೆ, ಕಿವಿ ಹೇಳಿದ್ದನ್ನೇ ಕಣ್ಣು ನಂಬಿತ್ತು.

“ಅಕ್ಕೋರೆ, ಖರೇ ಹೇಳ್ರಿ. ಆವತ್ತ ಗಾಡಿ ನಡೀತಿತ್ತೋ, ನಿಂತಿತ್ತೋ?”

ಅವರ ಸೂಜಿ ನಿಂತಿತು. ಅದನ್ನು ಕೌದಿಗೆ ಚುಚ್ಚಿಟ್ಟರು. “ನಿಂತಿತ್ತು ಅಂತ ನನಗ ನೆಪ್ಪು,” ಅಂದರು. “ಕಲ್ಲಿನ ಅಂಗಳದ ಗೇಟಿನಿಂದ ಟ್ರ್ಯಾಕ್ಟರ್ ಹಿಂದ ಹಿಂದ ಬರಾಕತ್ತಿತ್ತು. ಟ್ರ್ಯಾಲಿಯಾಗ ಫರಸಿ ಹೊರಗ ಚಾಚಿದ್ವು. ಹೋಗಲಿ ಪಾಪ ಅಂತ ನಾ ಬ್ರೇಕ್ ಹಿಡದು ನಿಂತೆ. ಟ್ರ್ಯಾಲಿ ಹೊರಳಿ ನಮ್ಮ ಹಿಂದಿನ ಮಗ್ಗಲಿಗಿ ಬಂತು, ಧಡ್ ಅಂತು. ಗಾಡ್ಯಾಗ ಕುಂತಿದ್ದ ಕಾಶಿ ಎದ್ದಾಂವನೇ, ರಿವರ್ಸ್ ಹಾಕಿದ್ಯಾ ಅಂತ ಒದರಿದ. ಟ್ರ್ಯಾಕ್ಟರ್‌ದಾಂವನೂ ಹೌದು ಅಮ್ಮಾರೇ ಹಿಂದ ಬಂದ್ರು ಅಂದ. ಮನಿಗಿ ಹೋದ ಮ್ಯಾಲ ಎಲ್ಲಾರೂ ಅದೇ ಅಂದ್ರು. ಹತ್ತು ಮಂದಿ ಅಂದ್ರ ನಮಗೂ ಹಂಗೇ ಅನಸ್ತದಲ್ಲ? ನನಗೇ ಗೊತ್ತಿಲ್ಲಂಗ ಗೇರ್ ಬಿತ್ತೇನೋ, ನನಗ ವಯಸ್ಸಾತೇನೋ ಅಂತ...”

ಗಾಡಿ ಅವರ ಹೆಸರಿನಲ್ಲೇ ಇತ್ತು. ತಮ್ಮ ನಿವೃತ್ತಿಯ ಹಣದಿಂದ ಕೊಂಡದ್ದು. ಮಾರುವುದಿಲ್ಲ ಅಂದಿದ್ದರೆ ಯಾರೂ ಮಾರುವಂತಿರಲಿಲ್ಲ. ಆದರೆ ಅವರಿಗೆ ತಮ್ಮ ಮೇಲೆಯೇ ಅನುಮಾನ ಹೊಕ್ಕಿತ್ತು. ಅವತ್ತು ಬಾಯಿಬಿಟ್ಟು ಹೇಳಿದರು: ಸುಲೇಪೇಟದ ಹತ್ತಿರ ತವರಿನ ಹೊಲ ಇದೆ. ಎಳ್ಳಮಾವಾಸ್ಯೆಗೆ ಗಂಡಸರು ಮುಂಜಾನೆಯೇ ಮೋಟಾರ್‌ಸೈಕಲ್ಲಿನಲ್ಲಿ ಹೋಗಿಬಿಡುತ್ತಾರೆ. ಅಕ್ಕತಂಗಿಯರು ನಾಲ್ಕು ಜನ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ಗಡಿಗೆ, ಸಜ್ಜೆ ರೊಟ್ಟಿಯ ಬುಟ್ಟಿ ಹಿಡಿದುಕೊಂಡು ಯಾರದೋ ಜೀಪಿಗೆ ಕಾದು ಕಾದು, ಭೂತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲುವುದು ಮುಗಿದ ಮೇಲೆ ತಲುಪುತ್ತಾರೆ. ಈ ಸಲ ತಂಗಿಯರನ್ನೆಲ್ಲ ಕೂರಿಸಿಕೊಂಡು ನಾನೇ ಗಾಡಿ ನಡೆಸುತ್ತೇನೆ, ಎಲ್ಲರಿಗಿಂತ ಮೊದಲು ಹೊಲದಲ್ಲಿರುತ್ತೇವೆ ಅಂತ ಅವರು ಮಾತು ಕೊಟ್ಟಿದ್ದರು.

ನಾನು ಬಣ್ಣ ಹೊಡೆದ ತಗಡಿನ ತುಂಡೊಂದು ತಂದು ಉಳಿಯ ಮೂಲೆಯಿಂದ ಎರಡು ಗುರುತು ಮಾಡಿದೆ. ಒಂದು ಕಡೆ ಬರೀ ಒತ್ತಿದೆ. ಇನ್ನೊಂದು ಕಡೆ ಒತ್ತಿ ಎಳೆದೆ. “ಈಗ ನಿಮ್ಮ ಹಳೇ ತಗಡು ಮುಟ್ಟಿ ನೋಡ್ರಿ. ಇದರಾಗ ಯಾವುದರಂಗ ಅದ?”

ಅವರು ಕಣ್ಣು ಮುಚ್ಚಿ ಬೆರಳು ಆಡಿಸಿದರು. “ಒತ್ತಿದಂಗ ಅದ.”

“ನಿಂತ ಗಾಡಿಗಿ ಬಂದು ಗುದ್ಯಾರ್ರಿ. ನಿಮ್ಮ ತಪ್ಪು ಗುಲಗಂಜಿಯಷ್ಟೂ ಇಲ್ಲ. ನಾನೂ ನಿಮ್ಮನ್ನ ನೋಡಿ ನಕ್ಕಿದ್ದೆ. ನಂದು ತಪ್ಪಾಯ್ತು.”

ಅಕ್ಕೋರು ಅತ್ತರು. ಕೌದಿಯ ತುಂಡಿನಲ್ಲಿಯೇ ಮುಖ ಒರೆಸಿಕೊಂಡರು. ಆಮೇಲೆ ಏನಾಯಿತೋ, ಭುಜ ಅಲುಗಿಸುತ್ತ ನಗತೊಡಗಿದರು. ಹುಸ್ನಾ ಓಡಿ ಬಂದು, ಯಾಕಂತ ಕೇಳದೆಯೇ ತಾನೂ ನಕ್ಕಳು. ನನಗೆ ಆ ದಿನದಷ್ಟು ಸಂತೋಷ ದುಡಿಮೆಯಲ್ಲಿ ಯಾವತ್ತೂ ಆಗಿರಲಿಲ್ಲ.

“ಕಾಶಿಗಿ ಈಗೇ ಹೇಳಬ್ಯಾಡ,” ಅಂದರು. “ಮದಲ ಕೆಲಸ ಮುಗೀಲಿ.”

ಅಲ್ಲಿಂದ ಕೆಲಸ ಹೇಗೆ ಸಾಗಿತೆಂದರೆ, ಅವರು ಚಹಾ ಕೊಡುವುದು ತಡವಾದರೆ ನನಗೇ ಕೈ ಓಡುತ್ತಿರಲಿಲ್ಲ. ಪಟ್ಟಿ ಒಳಗೆ ಕುಳಿತಿತು. ಬೆಸುಗೆಯನ್ನು ಒಂದೇ ಸಮ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಅದಕ್ಕೆ ಇಲ್ಲೊಂದು ಚುಕ್ಕೆ, ಗೇಣು ಬಿಟ್ಟು ಅಲ್ಲೊಂದು ಚುಕ್ಕೆ, ಆರಿದ ಮೇಲೆ ನಡುವಿನವು. “ಕಚ್ಚಾ ಹೊಲಿಗಿ,” ಅಂದರು ಅಕ್ಕೋರು. “ಹೌದ್ರಿ,” ಅಂದೆ. ಪ್ರತಿ ನಾಲ್ಕು ಚುಕ್ಕೆಗೊಮ್ಮೆ ಅವರು ಬಾಗಿಲು ತೆಗೆದು ಹಾಕಿ ನೋಡುತ್ತಿದ್ದರು, ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯೇ ಅಂತ. ಗ್ರೈಂಡರಿನಿಂದ ಸಾಪು ಮಾಡಿದ ಮೇಲೆ ಕಂಬದ ಜೋಡಣೆ ಎಲ್ಲಿ ಅಂತ ನಾನೇ ಹುಡುಕಬೇಕಾಯಿತು. ಹುಸ್ನಾ ಉಗುರಿನಷ್ಟು ದಪ್ಪ ಮಾತ್ರ ಪುಟ್ಟಿ ಸವರಲು ನನ್ನ ಅಪ್ಪಣೆ ಕೇಳಿದಳು. ಕೊಟ್ಟೆ. ಬಿಳಿಯಲ್ಲೂ ಹತ್ತು ಬಿಳಿ ಇವೆ ಅನ್ನುವುದು ಅವಳ ಮಾತು. ಹಳೆಯ ಬಾಗಿಲಿಗೂ ಹೊಸ ತಗಡಿಗೂ ಬಣ್ಣ ಒಂದಾಗುವವರೆಗೆ ನಾಲ್ಕು ಸಲ ಕಲಸಿದಳು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಸಾವ್ಕಾರರು ಬಂದರು. ಜೊತೆಗೆ ಸೇಡಂನ ದತ್ತು ಅನ್ನುವವರು, ಹಳೆಯ ಗಾಡಿ ಕೊಂಡು ಮಾರುವವರು.

ದತ್ತು ಕಿಸೆಯಿಂದ ಅಯಸ್ಕಾಂತ ತೆಗೆದರು. ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಗಾಲಿಯ ಮೇಲೆ ಇಟ್ಟರು, ಹಿಡಿಯಿತು. ಕಂಬಕ್ಕೆ ಇಟ್ಟರು, ಟಕ್ ಎಂದು ಹಿಡಿಯಿತು. ಎಲ್ಲಿಟ್ಟರೂ ಹಿಡಿಯಿತು. “ಯಾವ ಕಡಿ ಗುದ್ದಿತ್ತು ಅಂದ್ರಿ ಸಾವ್ಕಾರ್ರೆ?” ಅಂತ ಕೇಳಿದರು. ನನ್ನ ಎದೆ ಎರಡು ಅಂಗುಲ ಉಬ್ಬಿತು.

“ಈ ಕಡೀನೇ. ನಮ್ಮ ಅಕ್ಕ ರಿವರ್ಸ್...”

“ಹಳೇ ತಗಡು ಇಲ್ಲೇ ಅದ ನೋಡ್ರಿ,” ಅಂದು ನಾನು ಅದನ್ನು ದತ್ತು ಅವರ ಮುಂದೆ ಎಳೆದು ಹಾಕಿದೆ. ಆ ಮನುಷ್ಯ ದಿನಾ ಗುದ್ದಿದ ಗಾಡಿಗಳನ್ನೇ ನೋಡುವವರು, ಒಂದು ಸಲ ಬೆರಳು ಆಡಿಸಿದರು.

“ರಿವರ್ಸ್ ಎಲ್ಲಿ ಬಂತ್ರಿ ಇದು? ನಿಂತ ಗಾಡಿಗಿ ಬದಿಯಿಂದ ಬಂದು ಚುಚ್ಯಾರ. ಒಂದು ಗೀರು ಇಲ್ಲ.”

ಸಾವ್ಕಾರರು ಕುಕ್ಕರಗಾಲಿನಲ್ಲಿ ಕೂತರು. ಬಟ್ಟೆಯ ನೇಯ್ಗೆ ನೋಡುವ ಹಾಗೆ ಹೆಬ್ಬೆರಳಿನ ಉಗುರನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಎಳೆದರು. ಸೀಳಿನ ಆಚೆ ಎಲ್ಲಿಯೂ ಉಗುರು ತಡೆಯಲಿಲ್ಲ. ಮುಖ ಮೆಲ್ಲಗೆ ಕೆಂಪಾಯಿತು.

“ಕಾಶಿ,” ಅಂದರು ಅಕ್ಕೋರು ಸ್ಟೂಲಿನಿಂದ. “ಆ ಧಡ್ ಅನ್ನೋ ಮುಂದ ನೀ ಏನ್ ಮಾಡಾಕತ್ತಿದ್ದಿ?”

“ಕಣ್ಣು ಮುಚ್ಚಿ ಶಿವನಾಮ ಅನ್ನಾಕತ್ತಿದ್ದೆ ಯಕ್ಕಾ.”

“ಶಿವನಾಮ ಗೊರಕಿ ಹೊಡೀತದೇನು?”

ಹುಸ್ನಾ ಕೈಯಲ್ಲಿದ್ದ ಬಣ್ಣದ ಡಬ್ಬಿ ಕೆಳಗಿಟ್ಟು ಹೊರಗೆ ಓಡಿದಳು. ದತ್ತು ಅವರು ಅಯಸ್ಕಾಂತವನ್ನು ಕಿಸೆಗೆ ಹಾಕಿಕೊಂಡು, “ಹಂಗಾದ್ರ ಗಾಡಿ ಕೊಡಂಗಿಲ್ಲ ಅನ್ರಿ,” ಅಂದರು. ನಗು ತಡೆಯುವುದು ಅವರಿಗೂ ಕಷ್ಟವಾಗಿತ್ತು.

“ಕೊಡಂಗಿಲ್ಲ,” ಅಂದರು ಅಕ್ಕೋರು. “ನಾಳಿ ಹೊಲಕ್ಕ ಬರ್ರಿ, ಭಜ್ಜಿ ರೊಟ್ಟಿ ಕೊಡತೀನಿ.” ಆಮೇಲೆ ತಮ್ಮನ ಕಡೆ ತಿರುಗಿದರು. “ನನಗೇನೂ ಹೇಳಬ್ಯಾಡ. ದಾನೇಶ್ವರಿಗಿ ಫೋನ್ ಹಚ್ಚು. ಅಕಿಗಿ ಹೇಳಿದ್ರ ಉಳದೋರಿಗಿ ತಾನೇ ಮುಟ್ಟತದ.”

ಸುಲೇಪೇಟದಲ್ಲಿರುವ ಕೊನೆಯ ತಂಗಿ ಅವಳು. ಫೋನು ಸ್ಪೀಕರಿಗೆ ಹಾಕಿಸಿದರು.

“ದಾನವ್ವಾ, ನಾ ಕಾಶಿ. ಅಕ್ಕಂದು ತಪ್ಪಿಲ್ಲ. ಗಾಡಿ ನಿಂತಿತ್ತು. ನಾ... ನಾ ಮಕ್ಕೊಂಡಿದ್ದೆ.”

ಆ ಕಡೆಯಿಂದ ಎಷ್ಟು ಜೋರಾಗಿ ಕೂಗಿದಳೆಂದರೆ ಸಾವ್ಕಾರರು ಫೋನನ್ನು ಕೈ ಚಾಚಿ ದೂರ ಹಿಡಿದರು. “ನಾ ಮದಲೇ ಅಂದಿದ್ದೆ! ಅಕ್ಕಾ, ನಾಳಿ ಏಳಕ್ಕ ಗಡಿಗಿ ಹಿಡಕೊಂಡು ಬಾಗಿಲಾಗ ನಿಂತಿರತೀನಿ!”

ಫೋನು ಇಟ್ಟ ಮೇಲೆ ಸಾವ್ಕಾರರ ಕಣ್ಣು ತುಂಬಿದ್ದವು. “ಅಂಜಿದ್ದೆ ಯಕ್ಕಾ,” ಅಂದರು. “ಅಂಜಿಕಿಗಿ ತಪ್ಪು ಯಾರ ಮ್ಯಾಲರೆ ಹಾಕಬೇಕಿತ್ತು, ನಿನ್ನ ಮ್ಯಾಲ ಹಾಕಿದೆ.” ಅವರೇ ಹೋಗಿ ಮೊಳೆಯಿಂದ ಕೀಲಿ ತೆಗೆದು ತಂದು ಅಕ್ಕನ ಅಂಗೈಯಲ್ಲಿಟ್ಟರು. ಅಕ್ಕೋರು ತಮ್ಮನ ತಲೆಯ ಮೇಲೆ ಒಂದು ಮೊಟಕಿ, ಕೈಯನ್ನು ಅಲ್ಲಿಯೇ ಸ್ವಲ್ಪ ಹೊತ್ತು ಇಟ್ಟರು.

ಸಾವ್ಕಾರರು ಹಿಂದಿನ ಬಾಗಿಲು ತೆಗೆಯಹೋದರು. “ಮುಂದ ಕುಂದ್ರು,” ಅಂದರು ಅಕ್ಕೋರು. ಮುಂದೆಯೇ ಕೂತರು, ಬೆಲ್ಟು ಹಾಕಿಕೊಂಡು, ಕಣ್ಣು ಅಗಲ ಬಿಟ್ಟುಕೊಂಡು.

ನಾನು ನೂರಾರು ಗಾಡಿ ಕಳಿಸಿದ್ದೇನೆ, ಯಾವುದನ್ನೂ ರಸ್ತೆಗೆ ಬಂದು ನಿಂತು ನೋಡಿದವನಲ್ಲ. ಅವತ್ತು ನಾನೂ ಹುಸ್ನಾಳೂ ರಸ್ತೆಗೇ ಬಂದು ನಿಂತೆವು. ಗಾಡಿ ಮೆಲ್ಲಗೆ ವಾಡಿಯ ಕಡೆ ಹೊರಟಿತು. ಐವತ್ತು ಹೆಜ್ಜೆ ಹೋಗಿರಬೇಕು, ಎಡಗಡೆಯ ಕಲ್ಲಿನ ಅಂಗಳದಿಂದ ಒಂದು ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತ ರಸ್ತೆಗೆ ಹಿಂಬದಿ ಚಾಚಿತು. ಟ್ರ್ಯಾಲಿಯ ತುಂಬ ಫರಸಿ. ಅಕ್ಕೋರು ಮೂರು ಮಾರು ದೂರದಲ್ಲೇ ನಿಲ್ಲಿಸಿ ಹಾರ್ನು ಹೊಡೆದರು. ಟ್ರ್ಯಾಕ್ಟರ್ ಬರುತ್ತಲೇ ಇತ್ತು.

ಆಗ ಎಡಗಡೆಯ ಕಿಟಕಿಯಿಂದ ಸಾವ್ಕಾರರ ಅರ್ಧ ಮೈ ಹೊರಗೆ ಬಂತು. ಚಿತ್ತಾಪುರಕ್ಕೂ ಕೇಳಿಸುವಂಥ ದನಿ.

“ಏ ತಮ್ಮಾ, ಹಿಂದ ನೋಡಿ ಬಾರೋ! ನಮ್ಮ ಅಕ್ಕನ ಗಾಡಿ ನಿಂತದ! ನಾ ಎಚ್ಚರ ಇದ್ದು ನೋಡಾಕತ್ತೀನಿ, ನಿಂತದ!”